ದೊಡ್ಡಮ್ಮನ ಮನೆ ಆರ್ಕ್ಟಿಕ್‌ನಲ್ಲಿ

ತಂಗಿ ಮದುವೆಯ ಕಾಗದ ಹಂಚಲು 63 ಮನೆಗಳ ಪಟ್ಟಿ. ಮನೆಗಳ ಅಕ್ಷಾಂಶ, ರೇಖಾಂಶದ ಸಮೇತ ಎಕ್ಸೆಲ್‌ನಲ್ಲಿ ಹಾಕಿ, ಪಟ್ಟಿಯ ಜಾಗಗಳನ್ನು ನಕ್ಷೆಯ ಮೇಲೆ ಚುಕ್ಕಿಗಳಾಗಿ ತೋರಿಸುವ ಗೂಗಲ್ ಮೈ ಮ್ಯಾಪ್ಸ್‌ಗೆ ಏರಿಸಿದೆ.

ಉಡುಪಿಯಲ್ಲಿ ಒಂದೂ ಚುಕ್ಕಿ ಇಲ್ಲ!

ಹುಡುಕಿದರೆ, ನೆಂಟರೆಲ್ಲ ನಾರ್ವೆಯ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಕೆಳಗಿನ ಸಮುದ್ರದಲ್ಲಿ ತೇಲುತ್ತಿದ್ದಾರೆ. ಅಮ್ಮ ಇಣುಕಿ ನೋಡಿ, "ಎಂತದಾ ಇದು? ದೊಡ್ಡಮ್ಮನ ಮನೆ ನೀರಲ್ಲಾ?" ಅಂದರು.

ಅಕ್ಷಾಂಶದ ಜಾಗದಲ್ಲಿ ರೇಖಾಂಶ ಕೊಟ್ಟಿದ್ದೆ, ಅಷ್ಟೇ. ಉಡುಪಿ ಇರುವುದು 13.34, 74.74ರ ಹತ್ತಿರ. ತಿರುಗಿಸಿದರೆ 74.74 ಉತ್ತರ, 13.34 ಪೂರ್ವ. ಅಕ್ಷಾಂಶ 90 ದಾಟುವ ಹಾಗಿಲ್ಲ. ನಾವು ಇನ್ನೂ ಸ್ವಲ್ಪ ಪೂರ್ವಕ್ಕೆ, ಜಪಾನ್ ಕಡೆ ಎಲ್ಲೋ ಇದ್ದಿದ್ದರೆ ರೇಖಾಂಶ 90 ದಾಟುತ್ತಿತ್ತು, ಆ ಸಂಖ್ಯೆ ಅಕ್ಷಾಂಶವಾಗಲು ಸಾಧ್ಯವೇ ಇರಲಿಲ್ಲ, ತಪ್ಪು ಅಲ್ಲೇ ಸಿಗುತ್ತಿತ್ತು. ನಮ್ಮದು 74 ಅಲ್ವಾ, ಸುಮ್ನೆ ಒಪ್ಪಿಕೊಂಡಿತು. ಬೈಯುವ ಸಾಫ್ಟ್‌ವೇರೇ ವಾಸಿ ಮಾರಾಯ್ರೆ.

ಸರಿ ಮಾಡಿದ ಮೇಲೆ ಖುಷಿಯಾಯಿತು. ಪಟ್ಟಿಯಲ್ಲಿ ಕಾಪು 4ನೇ ಸಾಲು, ಕಟಪಾಡಿ 51ನೇದು. ಮ್ಯಾಪಿನಲ್ಲಿ ನೋಡಿದರೆ ಒಂದೇ ಹೆದ್ದಾರಿ! ಪಟ್ಟಿ ಹಿಡಿದು ಹೊರಟಿದ್ದರೆ ಎರಡು ಸಲ ಪೆಟ್ರೋಲ್ ಸುಡುತ್ತಿದ್ದೆ.

ಒಂದು ಮನೆ ಮಾತ್ರ ಎಲ್ಲೂ ಕೂರಲಿಲ್ಲ. ಲೊಕೇಶನ್ ಕಾಲಮ್ಮಿನಲ್ಲಿ ಅಪ್ಪ ಬರೆಸಿದ್ದು: "ಮಲ್ಪೆ ರಸ್ತೆ, ಬಾವಿ ದಾಟಿ, ಗೇರು ಮರದ ಎದುರು."

"ಆ ಮರ ಕಡಿದು ಹತ್ತು ವರ್ಷ ಆಯ್ತು," ಅಂದರು ಅಮ್ಮ. "ನಾನೇ ಬರ್ತೇನೆ, ತೋರಿಸ್ತೇನೆ."

ನಾಳೆ ಬೆಳಿಗ್ಗೆ ಏಳಕ್ಕೆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಅಮ್ಮ.