ಎರಡು ದಿನದ ಮಟ್ಟಿಗೆ

ಟೈಲ್ಸ್ ಪೆಟ್ಟಿಗೆಗಳನ್ನು ಐದನೆಯ ಮಹಡಿಯ ಮೆಟ್ಟಿಲ ಲ್ಯಾಂಡಿಂಗ್‌ನಲ್ಲಿ ಎರಡು ದಿನದ ಮಟ್ಟಿಗೆ ಇಟ್ಟುಕೊಳ್ಳಿ ಎಂದು ಒಪ್ಪಿಗೆ ಕೊಟ್ಟವನು ನಾನೇ. ಒಳಗಿನ ಕೋಣೆಗಳಲ್ಲೆಲ್ಲ ಗಾರೆ ಕೆಲಸ ನಡೆಯುತ್ತಿದ್ದುದರಿಂದ, ಇಡೀ ಮಹಡಿಯಲ್ಲಿ ಯಾರ ಕೈಗೂ ಅಡ್ಡಬಾರದ ಜಾಗ ಅದೊಂದೇ ಎಂದು ನನಗೆ ತೋರಿತ್ತು. ಎರಡು ದಿನ ಹನ್ನೊಂದಾಯಿತು. ಪೆಟ್ಟಿಗೆಗಳ ಪಕ್ಕಕ್ಕೆ ಕಾಂಕ್ರೀಟಿಗೆ ಅಚ್ಚಾಗಿ ಕಟ್ಟಿ ಬಿಚ್ಚಿದ ಸೆಂಟ್ರಿಂಗ್ ಹಲಗೆಗಳು ಬಂದು ಒರಗಿದವು. ಅವುಗಳ ಬುಡದಲ್ಲಿ ಯಾರೋ ಖಾಲಿ ಸಿಮೆಂಟ್ ಚೀಲಗಳನ್ನು ಒಟ್ಟಿದರು. ದಿನಕ್ಕೆ ನಾಲ್ಕಾರು ಸಲ ಅಲ್ಲಿ ಮೈ ಓರೆ ಮಾಡಿಕೊಂಡು ಹತ್ತಿಳಿಯುವುದು ನನಗೆ ರೂಢಿಯೇ ಆಗಿಹೋಯಿತು.

ಆ ಮಧ್ಯಾಹ್ನ ನಾನು ತಾರಸಿಯಲ್ಲಿ ನೀರಿನ ತೊಟ್ಟಿಗೆ ಕಟ್ಟಿದ್ದ ಕಬ್ಬಿಣವನ್ನು ನೋಡುತ್ತಿದ್ದೆ. ಮೂರನೆಯ ಮಹಡಿಯ ವೆಲ್ಡಿಂಗ್ ಕಿಡಿಯೊಂದು ಪೈಪುಗಳಿಗೆಂದು ಬಿಟ್ಟಿದ್ದ ಕಿಂಡಿಯಿಂದ ಜಾರಿ, ಕೆಳಗಿನ ಕೋಣೆಯಲ್ಲಿದ್ದ ಥರ್ಮಾಕೋಲ್ ರಾಶಿಗೆ ಹತ್ತಿಕೊಂಡಿತು. ಬೆಂಕಿ ದೊಡ್ಡದೇನಲ್ಲ, ಹತ್ತು ನಿಮಿಷದಲ್ಲಿ ಆರಿಸಿದರು. ಆದರೆ ಬಾಗಿಲುಗಳನ್ನಿನ್ನೂ ಕೂರಿಸದ ಕಟ್ಟಡದಲ್ಲಿ ಮೆಟ್ಟಿಲಿನ ಗೂಡು ಹೊಗೆಗೂಡಿನ ಕೆಲಸವನ್ನೇ ಮಾಡುತ್ತದೆ. ಬಿಸಿ ಹೊಗೆಗೆ ಮೇಲೇರಲು ಅದಕ್ಕಿಂತ ಸಲೀಸಾದ ದಾರಿಯಿಲ್ಲ. ತಾರಸಿಯ ಬಯಲಿನಲ್ಲೇ ನಿಂತು ಕಾದಿದ್ದರೆ ಲೇಸಿತ್ತೆಂದು ಈಗ ಅನ್ನಿಸುತ್ತದೆ, ಆಗ ಬುದ್ಧಿಗಿಂತ ಕಾಲೇ ಮುಂದಾಯಿತು. ನಾವು ಆರು ಮಂದಿ ಇಳಿಯತೊಡಗಿದೆವು.

ಏಳನೆಯ ಮಹಡಿ ದಾಟುವಷ್ಟರಲ್ಲಿ ತಾತ್ಕಾಲಿಕ ಬಲ್ಬುಗಳು ಆರಿದವು. ಅವುಗಳ ತಂತಿಯನ್ನೂ ವೆಲ್ಡಿಂಗ್ ಯಂತ್ರದ ಲೈನಿಗೇ ಕೊಟ್ಟಿದ್ದರಿಂದ, ಕೆಳಗೆ ಮೇನ್ ಇಳಿಸಿದೊಡನೆ ಬೆಳಕೂ ಹೋಗಿತ್ತು. ಕಂಬಿಗಳನ್ನು ಇನ್ನೂ ಹಾಕಿರದ ಆ ಮೆಟ್ಟಿಲಿಗೆ ಆಸರೆಯೆಂದರೆ ಬದಿಗೆ ಕಟ್ಟಿದ್ದ ನೈಲಾನ್ ಹಗ್ಗ. ಅದನ್ನು ಹಿಡಿದೇ ಇಳಿಯುತ್ತಿದ್ದ ನನ್ನ ಕೈಗೆ ಆರನೆಯ ಮಹಡಿಯಿಂದ ಕೆಳಗೆ ಏನೂ ಸಿಗಲಿಲ್ಲ. ಬಕೆಟ್ ಎಳೆಯಲೆಂದು ಯಾರೋ ಅಷ್ಟುದ್ದವನ್ನು ಬಿಚ್ಚಿಕೊಂಡು ಹೋಗಿದ್ದರು. ಗೋಡೆಗೆ ಬೆನ್ನು ಹಚ್ಚಿಕೊಂಡು ಐದನೆಯ ಮಹಡಿಗೆ ಬಂದಾಗ, ಮುಂದಿದ್ದ ಹುಡುಗ ಸಿಮೆಂಟ್ ಗಟ್ಟಿಯಾಗಲೆಂದು ಹಾಕುವ ಕ್ಯೂರಿಂಗ್ ನೀರಿನಲ್ಲಿ ನೆನೆದಿದ್ದ ಚೀಲದ ಮೇಲೆ ಕಾಲಿಟ್ಟು ಜಾರಿದ. ಅವನು ಆಸರೆಗೆ ಹಿಡಿದ ಹಲಗೆಗಳು ಅವನ ಮೇಲೆಯೇ ಉರುಳಿದವು. ಬಯಲಾಗಿದ್ದ ಅಂಚಿನ ಕಡೆಗೆ ಬೀಳದೆ ಪೆಟ್ಟಿಗೆಗಳ ಕಡೆಗೆ ಬಿದ್ದದ್ದರಿಂದ ಮೊಣಕಾಲು ಸೀಳಿದ್ದಷ್ಟಕ್ಕೇ ಮುಗಿಯಿತು. ನಾವೆಲ್ಲ ಕೆಮ್ಮುತ್ತ ಕತ್ತಲಲ್ಲಿ ಹಲಗೆ ಎತ್ತಿದೆವು. ಓರೆಯಾಗಿ ಒಬ್ಬರು ಮಾತ್ರ ನುಸುಳುವ ಆ ಸಂದಿನಲ್ಲಿ ಅವನನ್ನು ಇಬ್ಬರು ಹಿಡಿದು ದಾಟಿಸಲಾಗಲಿಲ್ಲ.

ಸಂಜೆ ಟೇಪ್ ಹಿಡಿದೆ. 1200 ಮಿಲಿಮೀಟರ್ ಅಗಲದ ದಾರಿಯಲ್ಲಿ ಉಳಿದಿದ್ದುದು 430.

ಮರುದಿನ ಪ್ರತಿ ಮಹಡಿಯಲ್ಲೂ ಒಂದು ಕೋಣೆಯನ್ನು ಸಾಮಾನಿಗೆಂದು ಬಿಡಿಸಿದೆ. ಗಾರೆಯವರು ಗೊಣಗಿದರು, ಅವರ ಕೆಲಸ ಹಿಂದೆ ಬಿದ್ದದ್ದೂ ನಿಜ. ಮೆಟ್ಟಿಲಿನ ದೀಪಕ್ಕೆ ಬೇರೆ ಲೈನ್ ಎಳೆಸಿ, ಬ್ಯಾಟರಿ ದೀಪಗಳನ್ನೂ ಹಾಕಿಸಿದೆ. ಹಗ್ಗವನ್ನು ಮೇಸ್ತ್ರಿ ಮತ್ತೆ ಕಟ್ಟಿಸಿದರು. ವಾರ ಕಳೆಯುವುದರೊಳಗೆ ನಾಲ್ಕನೆಯ ಮಹಡಿಯಲ್ಲಿ ಅದು ಮತ್ತೆ ಕಾಣೆಯಾಗಿತ್ತು. ಬಿಚ್ಚಲು ಬಾರದಂತೆ ಕಬ್ಬಿಣದ ಪೈಪುಗಳನ್ನೇ ಬೆಸೆಸಿದ ಮೇಲೆ ನನ್ನನ್ನು ಮೊದಲು ಹುಡುಕಿಕೊಂಡು ಬಂದವನು ಬಕೆಟ್ ಎಳೆಯುವವನು: "ಸಾರ್, ಇನ್ನು ನಮಗೆ ಹಗ್ಗ ಎಲ್ಲಿಂದ?" ಉಗ್ರಾಣದಿಂದ ಅವನಿಗೊಂದು ಹೊಸ ಹಗ್ಗ ಕೊಡಿಸಿದೆ.