ತಳದ ಅಕ್ಷರ ನಂಬಿ ಕೆಟ್ಟೆ

ಕೆಲವು ವರ್ಷದ ಹಿಂದೆ ಕೊಚ್ಚಿಗೆ ಹೋದಾಗ ಹಳೇ ಸಾಮಾನಿನ ಅಂಗಡಿ ಒಂದ್ರಲ್ಲಿ ಗೇಣುದ್ದದ ಪಿಂಗಾಣಿ ಜಾಡಿ ಕಣ್ಣಿಗೆ ಬಿತ್ತು, ಕಡುನೀಲಿ ಮೇಲೆ ಬಿಳೀ ಹೂವಿನ ರೆಂಬೆ, ಮುಚ್ಚಳ ಇಲ್ಲ. ತಿರುಗಿಸಿ ನೋಡಿದ್ರೆ ತಳದಲ್ಲಿ ಎರಡು ಸುತ್ತುಗೆರೆ, ಒಳಗೆ ನಾಲ್ಕು ಚೀನೀ ಅಕ್ಷರ. "ಕಾಂಗ್‌ಶಿ ಸಾರ್, ಮುನ್ನೂರು ವರ್ಷ" ಅಂದ್ರು. ಫೋನಲ್ಲಿ ಚೆಕ್ ಮಾಡ್ದೆ, ಅಕ್ಷರವೇನೋ ಕಾಂಗ್‌ಶಿ ಚಕ್ರವರ್ತಿದೇ (1662-1722). ಆ ತಿಂಗಳ ಸಂಬಳ ಹೆಚ್ಚುಕಮ್ಮಿ ಅಲ್ಲೇ ಮುಗೀತು.

ಮನೆಗೆ ಬಂದು ಓದ್ತಾ ಓದ್ತಾ ಹೊಟ್ಟೆ ಉರಿಯೋಕೆ ಶುರುವಾಯ್ತು. 1677ರಲ್ಲಿ ಚೀನಾದ ಪಿಂಗಾಣಿ ಊರು ಜಿಂಗ್‌ದೆಝೆನ್‌ನ ಅಧಿಕಾರಿ ಒಬ್ಬ ಪಿಂಗಾಣಿ ಮೇಲೆ ಚಕ್ರವರ್ತಿ ಹೆಸರು ಬರೀಬಾರ್ದು ಅಂತ ಆರ್ಡರ್ ಮಾಡಿದ್ನಂತೆ, ಒಡೆದ ಚೂರು ತಿಪ್ಪೆಗೆ ಬಿದ್ರೆ ದೊರೆಗೆ ಅವಮಾನ ಅಲ್ವಾ. ಹಾಗಾಗಿ ಆ ಕಾಲದ ಎಷ್ಟೋ ಜಾಡಿ ತಳದಲ್ಲಿ ಬರೀ ಖಾಲಿ ಸುತ್ತುಗೆರೆ, ಇಲ್ಲಾ ಒಂದು ಎಲೆ ಚಿತ್ರ, ಇಲ್ಲಾಂದ್ರೆ ಇನ್ನೂರು ವರ್ಷ ಹಿಂದಿನ ಮಿಂಗ್ ವಂಶದ ದೊರೆ ಚೆಂಗ್‌ಹುವಾ ಹೆಸರು! ಅದರಲ್ಲಿ ಮೋಸ ಅನ್ನೋದಕ್ಕಿಂತ ಹಿರಿಯರ ಮೇಲಿನ ಗೌರವ ಜಾಸ್ತಿ. ನನ್ನ ಜಾಡಿಯಂಥ ನಾಲ್ಕಕ್ಷರದ ಕಾಂಗ್‌ಶಿ ಮುದ್ರೆಯವು ಬಹುಪಾಲು 19ನೇ ಶತಮಾನದ ಕೊನೇವು. 1860-70ರ ಹೊತ್ತಿಗೆ ಲಂಡನ್ನಲ್ಲಿ ವಿಸ್ಲರ್, ರೊಸೆಟ್ಟಿ ಥರದ ಕಲಾವಿದ್ರು ನೀಲಿ-ಬಿಳಿ ಹುಚ್ಚು ಹತ್ತಿಸ್ಕೊಂಡಿದ್ರು, ಬೇಡಿಕೆ ಬಂದ್ರೆ ಚೀನಾದ ಪಿಂಗಾಣಿ ಮಾಡೋರು ಸುಮ್ನಿರ್ತಾರಾ.

ಹಾಗಂತ ಬರಹ ಎಲ್ಲಾ ಸುಳ್ಳಲ್ಲ. ಮುಂಬೈಯಲ್ಲೇ ಹುಟ್ಟಿದ, ಚೀನೀ ಪಿಂಗಾಣಿ ಸಂಗ್ರಹಿಸ್ತಿದ್ದ ಪರ್ಸಿವಲ್ ಡೇವಿಡ್ ಕೂಡಿಸಿದ ಜೋಡಿ ಹೂದಾನಿ ಈಗ ಬ್ರಿಟಿಷ್ ಮ್ಯೂಸಿಯಮ್ಮಲ್ಲಿದೆ, ಅವುಗಳ ಕತ್ತಿನ ಮೇಲೆ ದೇವಸ್ಥಾನಕ್ಕೆ ಕಾಣಿಕೆ ಕೊಟ್ಟ ದಿನಾಂಕಾನೇ ಬರೆದಿದ್ದಾರೆ, 1351.

ಈಗ ನಾನು ಮೊದಲು ನೋಡೋದು ಬಣ್ಣ. ಒಳ್ಳೇ ಕಾಂಗ್‌ಶಿ ನೀಲಿಯಲ್ಲಿ ಒಂದೇ ಬಣ್ಣ ತಿಳಿ, ನಡು, ಕಡು ಅಂತ ಪದರ ಪದರವಾಗಿ ಕಾಣುತ್ತೆ. ನಂದು ಗೋಡೆಗೆ ಡಿಸ್ಟೆಂಪರ್ ಹೊಡೆದ ಹಾಗಿದೆ. ಆಮೇಲೆ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇಲ್ಲದ ಪಾದದ ಅಂಚನ್ನ ಬೆರಳಲ್ಲಿ ಸವರ್ತೀನಿ, ಅಕ್ಷರ ಎಲ್ಲಾದಕ್ಕಿಂತ ಕೊನೇಗೆ.

ಆದ್ರೂ ಚಿತ್ರ ಚಂದ ಕಣ್ರೀ. ಇಂಗ್ಲಿಷ್‌ನೋರು ಇದನ್ನ ಹಾಥಾರ್ನ್ (ಅವರ ಕಡೆಯ ಒಂದು ಮುಳ್ಳುಗಿಡ) ಜಾಡಿ ಅಂತ ತಪ್ಪಾಗಿ ಕರೆದ್ರು, ಅದು ಪ್ಲಮ್ ಹೂವು. ಹಿಂದೆ ಕಾಣೋ ಗೀಟುಗಳು ಬಿರುಕು ಬಿಟ್ಟ ಮಂಜುಗಡ್ಡೆ, ಚಳಿಗಾಲ ಮುಗೀತಾ ಇರುವಾಗ್ಲೇ ಹೂ ಅದರ ಮೇಲೆ ಉದುರ್ತಿದೆ. ಮೊನ್ನೆ ನಮ್ಮ ಬೀದಿ ಬಡಗಿ ಹತ್ರ ಬೀಟೆ ಮರದ ಮುಚ್ಚಳ ಮಾಡಿಸ್ದೆ, ಸ್ವಲ್ಪ ಲೂಸಾಗಿದೆ.