ಅವ್ವ ಒಬ್ಬಳೇ ಎಲ್ಲಿತನಕ ಹೋಗಬಲ್ಲಳು?

ಜರ್ಮನಿಯಿಂದ ರಜೆಗೆ ಬಂದಾಗಲೆಲ್ಲ ಬಾಗಲಕೋಟೆಯ ನವನಗರದ ನಮ್ಮ ಓಣಿಯಲ್ಲಿ ಒಂದೇ ಪ್ರಶ್ನೆ: "ಅಲ್ಲಿ ಚೊಲೋನೋ, ಇಲ್ಲಿ ಚೊಲೋನೋ?" ಪಗಾರ, ಥಂಡಿ, ಮನೆ ಬಾಡಿಗೆ ಅಂತ ನಾಲ್ಕು ಮಾತು ಹೇಳಿ ಮುಗಿಸುತ್ತಿದ್ದೆ. ಈ ಸಲ ಅವ್ವನ ಮೊಣಕಾಲು ನೋವಿಗಾಗಿ ಒಂದು ದಿನ ಪೂರ್ತಿ ಅವಳ ಜೊತೆ ಅಡ್ಡಾಡಿದೆ. ಪಗಾರಕ್ಕಿಂತ ಖಾತ್ರಿಯಾದ ಅಳತೆಯೊಂದು ಸಿಕ್ಕಿತು.

ಮುಂಜಾನೆ ದವಾಖಾನೆಗೆ ಹೋದೆವು. ಮೊದಲೇ ಹೇಳಿರಲಿಲ್ಲ. ಚೀಟಿ ಮಾಡಿಸಿ, ಪಾಳಿ ಹಚ್ಚಿ, ಎಕ್ಸ್-ರೇ ತೆಗೆಸಿ, ಊಟದ ಹೊತ್ತಿಗೆ ಎಲುಬಿನ ಡಾಕ್ಟರ ಮುಂದೆ ಕುಳಿತಿದ್ದೆವು. "ಕೀಲು ಸವದೈತಿ ಅಮ್ಮಾರ. ನೆಲದ ಮ್ಯಾಲ ಕುಂದರಬ್ಯಾಡ್ರಿ, ರೊಟ್ಟಿ ಬಡಿಯೂದು ಕಟ್ಟಿ ಮ್ಯಾಲ ಇಟ್ಕೋರಿ" ಎಂದರು. ರೊಟ್ಟಿ ಬಡಿಯುವ ಹೆಂಗಸಿನ ಮೊಣಕಾಲು ಎಂಥದ್ದು ಅಂತ ಬಲ್ಲ ಡಾಕ್ಟರು.

ಹಿಂದೆ ಅವ್ವ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ನನ್ನ ಹತ್ತಿರ ಬಂದಿದ್ದಾಗ ಇದೇ ಮೊಣಕಾಲು ಬಾತಿತ್ತು. ಎಲುಬಿನ ಡಾಕ್ಟರ ಕಚೇರಿಗಳಿಗೆ ಫೋನು ಹಚ್ಚಿದರೆ ಹೊಸ ರೋಗಿಗೆ ವಾರಗಟ್ಟಲೆ ಕಾಯಬೇಕೆಂಬ ಉತ್ತರ. ವೀಸಾಕ್ಕಾಗಿ 30,000 ಯೂರೋ ತನಕದ ಪ್ರವಾಸ ವಿಮೆ ಮಾಡಿಸಿದ್ದೆ. ಹಳೆಯ ಬೇನೆ ಅದರಲ್ಲಿ ಬರುವುದಿಲ್ಲವೆಂದರು. ಔಷಧಿ ಅಂಗಡಿಯ ಮುಲಾಮಿನಲ್ಲೇ ದಿನ ನೂಕಿದೆವು. ಆದರೆ ಅಲ್ಲಿಯವರ ಪಾಲಿಗೆ ಲೆಕ್ಕ ಬೇರೆ. ಪಗಾರದ ಶೇ. 14.6ಕ್ಕೂ ಹೆಚ್ಚು ಆರೋಗ್ಯ ವಿಮೆಗೆ ಹೋಗುತ್ತದೆ, ಅರ್ಧ ನೌಕರನದು, ಅರ್ಧ ಮಾಲೀಕರದು. ನಮ್ಮ ಕೆಳಗಿನ ಮನೆಯ ಅಜ್ಜಿ ಕೀಲು ಬದಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಆಸ್ಪತ್ರೆಗೆ ಕೈಯಿಂದ ಕೊಟ್ಟದ್ದು ದಿನಕ್ಕೆ 10 ಯೂರೋ. ಅದೇ ಶಸ್ತ್ರಚಿಕಿತ್ಸೆಗೆ ನಮ್ಮ ಕಡೆ ಹೊಲ ಅಡವಿಟ್ಟವರನ್ನು ನಾನು ಬಲ್ಲೆ. ಬೇಗ ಸಿಗುವ ಡಾಕ್ಟರು ದೊಡ್ಡ ಆಸರೆ, ನಿಜ. ಕೈಯಲ್ಲಿ ರೊಕ್ಕ ಇದ್ದವರಿಗೆ ಮಾತ್ರ.

ಮಧ್ಯಾಹ್ನ ಅವ್ವ, "ಹಳೇ ಊರಾಗ ಗುಳೇದಗುಡ್ಡ ಖಣ ತಗೋಬೇಕು, ಹೋಗೂಣು" ಎಂದಳು. ಆ ಖಣ, ಅಂದರೆ ಕುಪ್ಪಸದ ಬಟ್ಟೆ, ನಾನು ಬರುವ ತನಕ ಕಾಯುತ್ತಿತ್ತು. ಬಸ್ಸು ಬಂದಾಗ ಯಾಕೆಂದು ತಿಳಿಯಿತು. ಮೊದಲ ಪಾವಟಿಗೆ ಅವಳ ಮೊಣಕಾಲಿನ ಮಟ್ಟಕ್ಕಿತ್ತು. ನಾನು ಕೆಳಗಿನಿಂದ ಎತ್ತಿದೆ, ಒಳಗಿದ್ದ ಹುಡುಗನೊಬ್ಬ ಕೈ ಹಿಡಿದು ಎಳೆದ, ಕಂಡಕ್ಟರು "ಸಾವಕಾಶ ಹತ್ರಿ ಯವ್ವಾ, ಗಾಡಿ ಬಿಡೂದಿಲ್ಲ" ಎಂದು ಸೀಟಿ ಊದದೆ ನಿಂತರು. ಎಲ್ಲರೂ ಒಳ್ಳೆಯವರೇ. ಕುಳಿತು ದಮ್ಮು ತಿರುಗಿದ ಮೇಲೆ ಅವ್ವ ಹೇಳಿದಳು: "ಟಿಕೀಟ್ ಫುಕಟ್ ಐತಿ. ಪಾವಟಿಗಿ ಹತ್ತಾಕ ಆಗವಲ್ದು." 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸು ಬಿಟ್ಟಿ. ಆದರೂ ಯಾರಾದರೂ ಜೊತೆಗಿಲ್ಲದೆ ಅವಳು ಮನೆಬಿಟ್ಟು ಹೊರಡುವುದಿಲ್ಲ.

ಅದೇ ಅವ್ವ ಜರ್ಮನ್ ಭಾಷೆಯ ಒಂದು ಶಬ್ದ ಬಾರದೆ ಸ್ಟುಟ್‌ಗಾರ್ಟ್ ತಿರುಗಿದ್ದಳು. ಅಲ್ಲಿಯ ನಗರ ರೈಲಿನ ಕಟ್ಟೆಯೂ ಗಾಡಿಯ ನೆಲವೂ ಸಮ. ಬಸ್ಸು ನಿಂತಾಗ ಬಾಗಿಲಿನ ಕಡೆಗೆ ತುಸು ಬಾಗುತ್ತದೆ. ಮೊದಲ ಸಲ ನಾನು ಜೊತೆಗಿದ್ದೆ. ಆಮೇಲೆ, "ನೀ ಬರಬ್ಯಾಡ, ಕಡೀ ಸ್ಟಾಪಿಗೆ ಇಳಿಯೂದು ಅಷ್ಟ ಅಲ್ಲೇನು?" ಎಂದು ಇಳಕಲ್ ಸೀರೆಯಲ್ಲಿ ಒಬ್ಬಳೇ ಕಿಲ್ಲೆಸ್‌ಬರ್ಗ್ ಉದ್ಯಾನಕ್ಕೆ ಹೋಗಿ ಬಂದಳು. ಬಂದವಳ ಮುಖದಲ್ಲಿದ್ದ ಕಳೆಯನ್ನು ನಾನು ಬಾಗಲಕೋಟೆಯಲ್ಲಿ ಬಹಳ ವರ್ಷಗಳಿಂದ ಕಂಡಿರಲಿಲ್ಲ. ಸಂಜೆ ಕಟ್ಟೆಗೆ ಕುಳಿತು ಮಾತಾಡಲು ಅಲ್ಲಿ ಯಾರೂ ಇಲ್ಲವೆಂಬ ಕೊರಗೂ ಅವಳಿಗಿತ್ತು. ಅದನ್ನು ಯಾವ ಸರಕಾರವೂ ಕಟ್ಟಿಕೊಡಲಾರದು. ಪಾವಟಿಗೆ ಇಳಿಸುವುದು ಮಾತ್ರ ಸರಕಾರದ ಕೈಯಲ್ಲೇ ಇದೆ. ಜರ್ಮನಿಯಲ್ಲೂ ಅದು ತಾನಾಗಿ ಆಗಲಿಲ್ಲ. 2022ರ ಜನವರಿ 1ರೊಳಗೆ ಊರಿನ ಬಸ್ಸು, ರೈಲುಗಳು ಎಲ್ಲರೂ ಹತ್ತುವಂತಿರಬೇಕೆಂದು ಕಾನೂನು ಗುರಿ ಹಾಕಿತ್ತು. ಆ ಗಡುವು ದಾಟಿದರೂ ಎಲ್ಲ ನಿಲ್ದಾಣಗಳ ಕೆಲಸ ಮುಗಿದಿರಲಿಲ್ಲ.

"ಅವರು ಶ್ರೀಮಂತರು ಬಿಡ್ರಿ" ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ನಿಲ್ದಾಣಗಳಲ್ಲಿ ಕಟ್ಟೆಯಿಂದ ನೇರ ಒಳಗೆ ಕಾಲಿಡಬಹುದು, ಅದು ನಮ್ಮದೇ ಸೀಮೆ. ಇನ್ನು ನವನಗರವಂತೂ ಆಲಮಟ್ಟಿಯ ಹಿನ್ನೀರು ಹಳೆ ಊರಿಗೆ ನುಗ್ಗುತ್ತದೆಂದು ಬರಿ ನೆಲದ ಮೇಲೆ ಗೆರೆ ಎಳೆದು ಕಟ್ಟಿದ ಊರು. ಸೆಕ್ಟರು, ಅಗಲವಾದ ರಸ್ತೆ, ಎಲ್ಲ ಹಾಕಿದ್ದಾರೆ. ಮನೆ ಬಿಟ್ಟುಕೊಟ್ಟು ಇಲ್ಲಿಗೆ ಬಂದವರೇ ಇಂದು ಮುದುಕರಾಗಿದ್ದಾರೆ. ಅವರ ಅಂಗಡಿ, ಗುಡಿ, ಗೆಳತಿಯರು ಇನ್ನೂ ಹಳೆ ಊರಿನಲ್ಲಿದ್ದಾರೆ. ಅವರಿಗೆ ಬಸ್ಸು ಹತ್ತಲು ಆಗಬೇಕು. ನನಗೆ ಇದು ದಯೆಯ ಮಾತಾಗಿ ಕಾಣುವುದಿಲ್ಲ, ಊರು ತೀರಿಸಬೇಕಾದ ಸಾಲವಾಗಿ ಕಾಣುತ್ತದೆ.

ಖಣ ಕೊಂಡೆವು, ಹಸಿರಿಗೆ ಕೆಂಪು ಅಂಚು. ಮನೆಗೆ ಬಂದು ಅರ್ಜಿ ಬರೆದೆ: ನಮ್ಮ ಬಸ್ ಸ್ಟಾಪಿನ ಕಟ್ಟೆಯನ್ನು ಬಸ್ಸಿನ ಪಾವಟಿಗೆಯ ಮಟ್ಟಕ್ಕೆ ಎತ್ತರಿಸಬೇಕು, ಬಸ್ಸು ಅದಕ್ಕೆ ತಾಗಿಯೇ ನಿಲ್ಲಬೇಕು. ಓದಿ ಹೇಳಿದೆ. ಇಲ್ಲಿ ದಿನಾ ಇರುವವಳು ಅವ್ವ, ಆದ್ದರಿಂದ ಅರ್ಜಿ ಅವಳ ಹೆಸರಿನಲ್ಲೇ. ಸಹಿ ಹಾಕುವ ಮೊದಲು ತಡೆದಳು: "ಕುಂದರಾಕ ಒಂದು ಬೆಂಚೂ ಹಾಕಸ್ರಿ ಅಂತ ಬರಿ. ಬಸ್ಸು ಹೊತ್ತಿಗೆ ಬರೂದಿಲ್ಲ."